ಹುಟ್ಟಿದೂರು ಬಿಟ್ಟ ಗ್ರಹಗಳು

1977ರ ಮಾರ್ಚ್ 10ರ ರಾತ್ರಿ ಯುರೇನಸ್ ಗ್ರಹ ಒಂದು ಮಸುಕು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಗ್ರಹದ ಅಂಚು ಅಡ್ಡ ಬರುವಾಗ ನಕ್ಷತ್ರದ ಬೆಳಕು ಹೇಗೆ ಕುಗ್ಗುತ್ತದೆ ಎಂದು ಅಳೆದರೆ ಯುರೇನಸ್‌ನ ವಾತಾವರಣದ ಬಗ್ಗೆ ಒಂದಿಷ್ಟು ತಿಳಿಯುತ್ತದೆ ಎಂದು ಖಗೋಳವಿಜ್ಞಾನಿಗಳು ಕಾದಿದ್ದರು. ಅಮೆರಿಕದ ಜೇಮ್ಸ್ ಎಲಿಯಟ್ ಮತ್ತು ಸಂಗಡಿಗರು ದೂರದರ್ಶಕ ಅಳವಡಿಸಿದ ವಿಮಾನವೇರಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಮೇಲೆ ಹಾರುತ್ತಿದ್ದರು. ಇತ್ತ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಒಂದು ಮೀಟರ್ ವ್ಯಾಸದ ದೂರದರ್ಶಕವನ್ನು ಅದೇ ನಕ್ಷತ್ರದತ್ತ ತಿರುಗಿಸಿದ್ದರು. ಗ್ರಹ ಇನ್ನೂ ದೂರದಲ್ಲಿರುವಾಗಲೇ ನಕ್ಷತ್ರದ ಬೆಳಕು ಕುಸಿದು, ಮತ್ತೆ ಮೇಲೆದ್ದಿತು.

ಕಾವಲೂರಿನವರು ಇದು ಯುರೇನಸ್‌ನ ಹೊಸ ಉಪಗ್ರಹವಿರಬೇಕೆಂದು ‘ನೇಚರ್’ ಪತ್ರಿಕೆಗೆ ವರದಿ ಕಳಿಸಿದರು. ವಿಮಾನದಲ್ಲಿದ್ದವರಿಗೆ ಇಂಥ ಹಲವು ಕುಸಿತಗಳು ಸಿಕ್ಕಿದ್ದವು. ಗ್ರಹದ ಒಂದು ಬದಿಯಲ್ಲಿ ಎಷ್ಟು ದೂರಕ್ಕೆ ಕುಸಿತ ಕಂಡಿತ್ತೋ ಇನ್ನೊಂದು ಬದಿಯಲ್ಲೂ ಅಷ್ಟೇ ದೂರಕ್ಕೆ ಕಂಡಿತ್ತು. ಉಪಗ್ರಹವಾದರೆ ಹೀಗೆ ಎರಡೂ ಕಡೆ ಕಾಣಿಸಲು ಸಾಧ್ಯವಿಲ್ಲ. ಯುರೇನಸ್‌ಗೂ ಉಂಗುರಗಳಿವೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ.

ಈ ಉಂಗುರಗಳು ಒಂದು ತೊಡಕನ್ನೂ ತಂದವು. ಅವುಗಳಲ್ಲಿ ಹೆಚ್ಚಿನವು ಕೆಲವೇ ಕಿಲೋಮೀಟರ್ ಅಗಲ, ಅಂಚುಗಳು ಕತ್ತರಿಸಿಟ್ಟಷ್ಟು ಚೊಕ್ಕ. ಉಂಗುರದ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಬರಬರುತ್ತ ಹರಡಿಹೋಗಬೇಕು. ಇವು ಮಾತ್ರ ಯಾಕೆ ಹರಡಿಲ್ಲ? ಗ್ರಹಗಳು ಹುಟ್ಟಿದ ಜಾಗದಲ್ಲೇ ಉಳಿಯಬೇಕಿಲ್ಲ ಎಂಬ ವಿಚಾರಕ್ಕೆ ವಿಜ್ಞಾನದಲ್ಲಿ ಗಟ್ಟಿ ನೆಲೆ ಸಿಕ್ಕಿದ್ದು ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗಲೇ.

ಉಂಗುರದ ಲೆಕ್ಕ, ಗುರುವಿನ ಕಥೆ

ಉತ್ತರ ಕೊಟ್ಟವರು ಪೀಟರ್ ಗೋಲ್ಡ್‌ರೈಕ್ ಮತ್ತು ಸ್ಕಾಟ್ ಟ್ರಿಮೇನ್. ಪ್ರತಿ ಉಂಗುರದ ಒಳಗೊಂದು ಹೊರಗೊಂದು ಪುಟ್ಟ ಉಪಗ್ರಹ ಇದ್ದು, ಅವೆರಡೂ ಕಣಗಳನ್ನು ಮಂದೆಯಂತೆ ಕಾಯುತ್ತಿವೆ ಎಂದು 1979ರಲ್ಲಿ ಅವರು ಸೂಚಿಸಿದರು. 1986ರಲ್ಲಿ ವಾಯೇಜರ್-2 ಯುರೇನಸ್ ಬಳಿ ಹಾದಾಗ ಅತ್ಯಂತ ಹೊರಗಿನ ದೊಡ್ಡ ಉಂಗುರದ ಆಚೀಚೆ ಕಾರ್ಡೀಲಿಯಾ ಮತ್ತು ಒಫೀಲಿಯಾ ಎಂಬ ಎರಡು ಉಪಗ್ರಹಗಳು ಸಿಕ್ಕೇಬಿಟ್ಟವು.

ಇದರ ಹಿಂದಿನ ತರ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೆಪ್ಲರ್ ನಿಯಮದ ಪ್ರಕಾರ ಕೇಂದ್ರಕ್ಕೆ ಹತ್ತಿರ ಇರುವುದು ವೇಗವಾಗಿ ಸುತ್ತುತ್ತದೆ, ದೂರ ಇರುವುದು ನಿಧಾನವಾಗಿ. ತಟ್ಟೆಯಂತೆ ಹರಡಿದ ದ್ರವ್ಯದ ಪಕ್ಕದಲ್ಲಿ ಒಂದು ಉಪಗ್ರಹ ಸುತ್ತುತ್ತಿದ್ದರೆ, ತಟ್ಟೆಯ ಕೆಲವು ನಿರ್ದಿಷ್ಟ ದೂರಗಳಲ್ಲಿ ಕಣಗಳ ಮತ್ತು ಉಪಗ್ರಹದ ಸುತ್ತಿನ ಅವಧಿಗಳು ಸರಳ ಅನುಪಾತದಲ್ಲಿ ಬರುತ್ತವೆ: ಒಂದಕ್ಕೆ ಎರಡು, ಎರಡಕ್ಕೆ ಮೂರು, ಹೀಗೆ. ಅಲ್ಲಿನ ಕಣಗಳಿಗೆ ಉಪಗ್ರಹದ ಸೆಳೆತ ಪ್ರತಿ ಸಲವೂ ಅದೇ ಹದದಲ್ಲಿ ಬಂದು ತಾಗುತ್ತದೆ. ಸರಿಯಾದ ಹೊತ್ತಿಗೆ ಮೀಟುತ್ತಿದ್ದರೆ ಉಯ್ಯಾಲೆ ಏರುವ ಹಾಗೆ, ಸಣ್ಣ ಸೆಳೆತಗಳು ಕೂಡಿಕೊಂಡು ದೊಡ್ಡ ಪರಿಣಾಮವಾಗುತ್ತವೆ. ಇದಕ್ಕೆ ಅನುರಣನೆ ಎನ್ನುತ್ತಾರೆ. ಅನುರಣನೆಯ ಜಾಗಗಳಲ್ಲಿ ಸುರುಳಿ ಅಲೆಗಳೆದ್ದು, ಉಪಗ್ರಹಕ್ಕೂ ತಟ್ಟೆಗೂ ನಡುವೆ ಕೋನೀಯ ಸಂವೇಗದ ಕೊಡುಕೊಳ್ಳುವಿಕೆ ನಡೆಯುತ್ತದೆ. ಉಪಗ್ರಹ ಉಂಗುರವನ್ನು ದೂರ ತಳ್ಳುತ್ತದೆ. ಉಂಗುರವೂ ಉಪಗ್ರಹವನ್ನು ದೂರ ತಳ್ಳುತ್ತದೆ.

1980ರಲ್ಲಿ ಇಬ್ಬರೂ ಇದೇ ಲೆಕ್ಕವನ್ನು ಬಹಳ ದೊಡ್ಡ ರಂಗಕ್ಕೆ ಒಯ್ದರು. ಉಂಗುರದ ಜಾಗದಲ್ಲಿ ಎಳೆಯ ಸೂರ್ಯನ ಸುತ್ತಲಿದ್ದ ಅನಿಲ ತಟ್ಟೆಯನ್ನಿಟ್ಟರು, ಉಪಗ್ರಹದ ಜಾಗದಲ್ಲಿ ಗುರುವನ್ನಿಟ್ಟರು. ಬಂದ ಉತ್ತರ ದಿಗಿಲು ಹುಟ್ಟಿಸುವಂಥದ್ದು: ಗುರುವಿನ ಕಕ್ಷೆ ಮತ್ತು ತಟ್ಟೆಯ ರಚನೆ ಎರಡೂ ಕೆಲವೇ ಸಾವಿರ ವರ್ಷಗಳಲ್ಲಿ ಗಣನೀಯವಾಗಿ ಬದಲಾಗಿರಲೇಬೇಕು. 450 ಕೋಟಿ ವರ್ಷ ದಾಟಿದ ಸೌರವ್ಯೂಹದಲ್ಲಿ ಕೆಲವು ಸಾವಿರ ವರ್ಷ ಲೆಕ್ಕಕ್ಕೇ ಬಾರದ ಅವಧಿ. ಗುರು ಒಳಕ್ಕೆ ಜಾರಿತೋ ಹೊರಕ್ಕೋ ಎಂಬುದು ಮಾತ್ರ ಆ ಪ್ರಬಂಧದಿಂದ ತೀರ್ಮಾನವಾಗಲಿಲ್ಲ.

ಇಷ್ಟು ದೊಡ್ಡ ಮಾತನ್ನು ಗ್ರಹಗಳ ಹುಟ್ಟನ್ನು ಅಭ್ಯಾಸ ಮಾಡುತ್ತಿದ್ದವರಲ್ಲಿ ಬಹುಪಾಲು ಜನ ಪಕ್ಕಕ್ಕಿಟ್ಟರು. ಅದಕ್ಕೆ ಕಾರಣವೂ ಇತ್ತು. ಸೂರ್ಯನ ಸುತ್ತ ತಿರುಗುವ ತಟ್ಟೆಯಂಥ ದ್ರವ್ಯದಿಂದ ಗ್ರಹಗಳು ಮೂಡಿದವು ಎಂಬ ವಿಚಾರ 1755ರಲ್ಲಿ ಕಾಂಟ್, 1796ರಲ್ಲಿ ಲಾಪ್ಲಾಸ್ ಕಾಲದಿಂದಲೂ ಇತ್ತು. ನಮ್ಮ ಸೌರವ್ಯೂಹ ಅದಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಸೂರ್ಯನ ಹತ್ತಿರದ ಬಿಸಿಯಲ್ಲಿ ಕಲ್ಲು, ಲೋಹ ಮಾತ್ರ ಗಟ್ಟಿಯಾಗಿ ಸಣ್ಣ ಗ್ರಹಗಳಾದವು. ದೂರದ ತಂಪಿನಲ್ಲಿ ಮಂಜುಗಡ್ಡೆಯೂ ಸೇರಿ ದೊಡ್ಡ ತಿರುಳು ಬೆಳೆದು, ಅನಿಲವನ್ನು ಸೆಳೆದುಕೊಂಡು ಗುರು, ಶನಿ ಆದವು. ಜಪಾನಿನ ಚೂಶಿರೋ ಹಯಾಶಿ 1981ರಲ್ಲಿ ಆದಿಮ ತಟ್ಟೆಯ ತೂಕ ಅಂದಾಜಿಸಿದಾಗ ಹಿಡಿದ ದಾರಿಯೇ ಇದನ್ನು ಹೇಳುತ್ತದೆ. ಇಂದಿನ ಗ್ರಹಗಳ ದ್ರವ್ಯವನ್ನು ಅವು ಇಂದಿರುವ ಕಕ್ಷೆಗಳಲ್ಲೇ ಹರಡಿ, ಕಳೆದುಹೋದ ಅನಿಲವನ್ನು ಕೂಡಿಸುವುದು ಆ ವಿಧಾನ. ಗ್ರಹಗಳು ಕದಲಿಲ್ಲ ಎಂಬ ನಂಬಿಕೆ ಲೆಕ್ಕದ ಮೊದಲ ಸಾಲಿನಲ್ಲೇ ಕೂತಿತ್ತು.

ಕೆಲವರು ಮಾತ್ರ ಹಟ ಬಿಡಲಿಲ್ಲ. ಡಗ್ಲಾಸ್ ಲಿನ್ ಮತ್ತು ಜಾನ್ ಪಾಪಲೊಯಿಜು ಅವರು ಗುರುವಿನಷ್ಟು ಭಾರದ ಗ್ರಹ ತನ್ನ ಕಕ್ಷೆಯ ಅನಿಲವನ್ನು ಎರಡೂ ಬದಿಗೆ ತಳ್ಳಿ ಖಾಲಿ ಪಟ್ಟಿಯೊಂದನ್ನು ಕೊರೆಯುತ್ತದೆ ಎಂದು ತೋರಿಸಿದರು. ತಟ್ಟೆಯ ಅನಿಲ ನಿಧಾನವಾಗಿ ನಕ್ಷತ್ರದೊಳಕ್ಕೆ ಹರಿಯುತ್ತಿರುತ್ತದೆ. ಪಟ್ಟಿಯಲ್ಲಿ ಸಿಕ್ಕಿಕೊಂಡ ಗ್ರಹವೂ ಆ ಹರಿವಿನ ಜೊತೆ ಒಳಕ್ಕೆ ಸಾಗುತ್ತದೆ ಎಂದು 1986ರಲ್ಲಿ ಬರೆದರು. ಅದೇ ವರ್ಷ ವಿಲಿಯಂ ವಾರ್ಡ್ ಸಣ್ಣ ಗ್ರಹಗಳ ದಿಕ್ಕಿನ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಗ್ರಹದ ಒಳಬದಿಯ ಅಲೆ ಅದನ್ನು ಹೊರಕ್ಕೆ ನೂಕುತ್ತದೆ, ಹೊರಬದಿಯ ಅಲೆ ಅದನ್ನು ಹಿಂದಕ್ಕೆಳೆದು ಒಳಕ್ಕೆ ಇಳಿಸುತ್ತದೆ. ಎರಡೂ ಹೆಚ್ಚುಕಡಿಮೆ ಸಮಬಲ. ಆದರೆ ಹೊರಗಿನ ಎಳೆತದ ಕೈ ತುಸು ಮೇಲಾಗುತ್ತದೆ, ಆದ್ದರಿಂದ ಗ್ರಹ ಒಳಕ್ಕೇ ಜಾರುತ್ತದೆ ಎಂಬುದು ವಾರ್ಡ್ ಕಂಡುಕೊಂಡ ಉತ್ತರ.

ಪೂರ್ವಾಭಾದ್ರದ ಪಕ್ಕದ ಒಂದು ಚುಕ್ಕಿ

ಸಾಕ್ಷಿ ಬಂದದ್ದು ಫ್ರಾನ್ಸಿನಿಂದ. ಓತ್-ಪ್ರೊವಾನ್ಸ್ ವೀಕ್ಷಣಾಲಯದ 1.93 ಮೀಟರ್ ದೂರದರ್ಶಕಕ್ಕೆ ಎಲೋಡಿ ಎಂಬ ಹೊಸ ರೋಹಿತದರ್ಶಕವನ್ನು ಜೋಡಿಸಿ, ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಅವರ ಸಂಶೋಧನಾ ವಿದ್ಯಾರ್ಥಿ ದಿದಿಯೇ ಕೆಲೋ 1994ರಿಂದ ಸೂರ್ಯನಂಥ ನಕ್ಷತ್ರಗಳನ್ನು ಅಳೆಯುತ್ತಿದ್ದರು. ಸುತ್ತ ಗ್ರಹವಿದ್ದರೆ ನಕ್ಷತ್ರವೂ ಅತ್ತಿತ್ತ ತೂಗುತ್ತದೆ. ಆ ತೂಗಾಟ ಡಾಪ್ಲರ್ ಪರಿಣಾಮದಿಂದ ರೋಹಿತದ ಗೆರೆಗಳಲ್ಲಿ ಕಾಣಿಸುತ್ತದೆ. ಮೇಯರ್ ಹವಾಯಿಯಲ್ಲಿದ್ದ ದಿನಗಳಲ್ಲಿ ಕೆಲೋ ಒಂದು ನಕ್ಷತ್ರದ ವೇಗ ದಿನದಿಂದ ದಿನಕ್ಕೆ ಏರಿಳಿಯುವುದನ್ನು ಗಮನಿಸಿದರು. ಮೊದಲಿಗೆ ಅವರಿಗೆ ಅನುಮಾನ ಬಂದದ್ದು ಉಪಕರಣದ ಮೇಲೆ. 1995ರ ಜುಲೈಯಲ್ಲಿ ಮತ್ತೆ ಅಳೆದಾಗ ಅದೇ ಏರಿಳಿತ, ಲೆಕ್ಕ ಹಾಕಿದ್ದ ದಿನಕ್ಕೆ ಸರಿಯಾಗಿ ಬಂತು.

ಆ ನಕ್ಷತ್ರ 51 ಪೆಗಾಸಿ. ನಮ್ಮ ಪಂಚಾಂಗದ ಪೂರ್ವಾಭಾದ್ರದ ಎರಡು ತಾರೆಗಳನ್ನು ಗೆರೆಯಿಂದ ಜೋಡಿಸಿದರೆ, ನಡುಭಾಗದಿಂದ ತುಸು ಪಶ್ಚಿಮಕ್ಕಿದೆ. ದೂರ ಸುಮಾರು 50 ಜ್ಯೋತಿರ್ವರ್ಷ. ಅದರ ಗ್ರಹಕ್ಕೆ ಗುರುವಿನ ಅರ್ಧದಷ್ಟಾದರೂ ತೂಕ, ಆದರೆ ಒಂದು ಸುತ್ತಿಗೆ ಬೇಕಾದದ್ದು 4.23 ದಿನ ಮಾತ್ರ! ನಮ್ಮ ಗುರು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ತೆಗೆದುಕೊಳ್ಳುತ್ತದೆ. ಬುಧ ಸೂರ್ಯನಿಂದಿರುವ ದೂರದ ಏಳರಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ಈ ದೈತ್ಯ ಸುತ್ತುತ್ತಿತ್ತು. ಅಕ್ಟೋಬರ್ 6ರಂದು ಫ್ಲಾರೆನ್ಸಿನ ಸಮ್ಮೇಳನದಲ್ಲಿ ಮೇಯರ್ ಇದನ್ನು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಜೆಫ್ ಮಾರ್ಸಿ ಮತ್ತು ಪಾಲ್ ಬಟ್ಲರ್ ತಮ್ಮ ಅಳತೆಗಳಿಂದ ಅದನ್ನು ದೃಢಪಡಿಸಿದರು. ಮೇಯರ್ ಮತ್ತು ಕೆಲೋ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ಅಷ್ಟು ಬಿಸಿಯಲ್ಲಿ ಮಂಜುಗಡ್ಡೆ ನಿಲ್ಲದು. ತಿರುಳು ಕಟ್ಟುವಷ್ಟು ಘನದ್ರವ್ಯವೂ ಅಲ್ಲಿರದು. ಅಂಥ ಕಡೆ ಅನಿಲ ದೈತ್ಯ ಹುಟ್ಟುವುದು ಕಷ್ಟ. ಹಾಗಾದರೆ ಅದು ಬೇರೆಡೆ ಹುಟ್ಟಿ ಇಲ್ಲಿಗೆ ಬಂದಿರಬೇಕು. 1996ರಲ್ಲಿ ಲಿನ್, ಪೀಟರ್ ಬೋಡನ್‌ಹೈಮರ್ ಮತ್ತು ಡೆರೆಕ್ ರಿಚರ್ಡ್‌ಸನ್ ‘ನೇಚರ್’ನಲ್ಲಿ ಇದನ್ನೇ ವಾದಿಸಿದರು: ದೂರದಲ್ಲಿ ಹುಟ್ಟಿದ ಗ್ರಹ ಅನಿಲ ತಟ್ಟೆಯ ಜೊತೆಯಲ್ಲಿ ಒಳಕ್ಕೆ ಬಂದು ನಕ್ಷತ್ರದ ಬಾಗಿಲಲ್ಲಿ ನಿಂತಿದೆ. ಹದಿನೈದು ವರ್ಷ ಕೇಳುವವರಿಲ್ಲದೆ ಕೂತಿದ್ದ ಸಮೀಕರಣಗಳ ಸುತ್ತ ಈಗ ಜನ ನೆರೆದರು.

ಅದೇ ವರ್ಷ ಇನ್ನೊಂದು ದಾರಿಯೂ ಕಾಣಿಸಿತು. ಅನಿಲ ಚದುರಿದ ಮೇಲೆ ದೈತ್ಯ ಗ್ರಹಗಳು ಒಂದನ್ನೊಂದು ಎಳೆದಾಡಿ, ಒಂದು ಹೊರಗೆ ಎಸೆಯಲ್ಪಟ್ಟು ಇನ್ನೊಂದು ಉದ್ದನೆಯ ಕಕ್ಷೆಗೆ ಬಿದ್ದು, ಕ್ರಮೇಣ ನಕ್ಷತ್ರದ ಪಕ್ಕದಲ್ಲಿ ದುಂಡಗಾಗಬಹುದು ಎಂದು ಕೆಲವರು ಲೆಕ್ಕ ಹಾಕಿದರು. ತನ್ನ ನಕ್ಷತ್ರ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುವ ವಾಸ್ಪ್-17ಬಿ ಎಂಬ ಗ್ರಹ 2009ರಲ್ಲಿ ಸಿಕ್ಕಿದಾಗ ಈ ವಾದಕ್ಕೆ ಬಲ ಬಂತು. ತಟ್ಟೆಯೊಳಗೆ ಮೆಲ್ಲಗೆ ಜಾರಿ ಬಂದ ಗ್ರಹ ತಿರುಗುಮುರುಗಾಗಿ ಸುತ್ತುವುದು ಕಷ್ಟ. ನಕ್ಷತ್ರಕ್ಕೆ ಇಷ್ಟು ಹತ್ತಿರ ಸುತ್ತುವ ಇಂಥ ದೈತ್ಯರು, ಅಂದರೆ ‘ಬಿಸಿ ಗುರು’ಗಳೆಲ್ಲ ಒಂದೇ ದಾರಿಯಲ್ಲಿ ಬಂದವರಲ್ಲ ಎಂಬುದು ಇಂದಿನ ತಿಳಿವಳಿಕೆ.

ಗೆದ್ದ ಸಿದ್ಧಾಂತದ ಸಂಕಟ

ಗೆಲುವಿನ ಬೆನ್ನಿಗೇ ಹೊಸ ಕಷ್ಟ ಬಂತು. 1997ರಲ್ಲಿ ವಾರ್ಡ್ ಗ್ರಹಗಳ ಈ ಜಾರುವಿಕೆಯನ್ನು, ಅಂದರೆ ವಲಸೆಯನ್ನು, ಎರಡು ಬಗೆಯಾಗಿ ವಿಂಗಡಿಸಿದರು. ಅನಿಲದಲ್ಲಿ ಮುಳುಗಿಯೇ ಇರುವ ಸಣ್ಣ ಗ್ರಹಗಳದ್ದು ಮೊದಲ ಬಗೆ, ಖಾಲಿ ಪಟ್ಟಿ ಕೊರೆಯುವ ದೈತ್ಯರದ್ದು ಎರಡನೆಯದು. ಮೊದಲ ಬಗೆಯ ವೇಗ ಗ್ರಹದ ತೂಕ ಹೆಚ್ಚಿದಂತೆ ಹೆಚ್ಚುತ್ತದೆ. ಭೂಮಿಯ ಹತ್ತರಷ್ಟು ತೂಕದ ತಿರುಳೊಂದು ಗುರುವಿನ ಜಾಗದಿಂದ ಸೂರ್ಯನವರೆಗೆ ಜಾರಲು ಸುಮಾರು ಒಂದು ಲಕ್ಷ ವರ್ಷ ಸಾಕು ಎಂದು ಲೆಕ್ಕ ಹೇಳುತ್ತಿತ್ತು. ಅಂಥ ತಿರುಳು ದೈತ್ಯ ಗ್ರಹವಾಗಲು ಹತ್ತಾರು ಲಕ್ಷ ವರ್ಷ ಬೇಕು. ಎಳೆಯ ನಕ್ಷತ್ರಗಳ ಸುತ್ತಲಿನ ತಟ್ಟೆಗಳೂ ಬಹುತೇಕ 30ರಿಂದ 60 ಲಕ್ಷ ವರ್ಷಗಳ ಒಳಗೆ ಕರಗಿಹೋಗುತ್ತವೆ. ಅಂದರೆ ಗುರುವಿನ ತಿರುಳು ಬೆಳೆಯುವ ಮೊದಲೇ ಸೂರ್ಯನ ಹೊಟ್ಟೆ ಸೇರಬೇಕಿತ್ತು. ಬಿಸಿ ಗುರುಗಳನ್ನು ವಿವರಿಸಿದ ಸಿದ್ಧಾಂತ ನಮ್ಮ ಗುರು ಯಾಕೆ ಉಳಿಯಿತು ಎಂಬುದಕ್ಕೆ ಉತ್ತರ ಕೊಡಲಾರದೆ ನಿಂತಿತು.

ಬಿಡುಗಡೆಯ ದಾರಿ ಕಂಡದ್ದು 2006ರಲ್ಲಿ. ಅಲ್ಲಿಯವರೆಗಿನ ಹೆಚ್ಚಿನ ಲೆಕ್ಕಗಳು ಅನಿಲದ ಉಷ್ಣತೆ ಅಲೆಯಿಂದ ಬದಲಾಗದು ಎಂದು ಸರಳಗೊಳಿಸಿಕೊಂಡಿದ್ದವು. ಸೈಮನ್-ಯಾನ್ ಪಾರ್ಡೆಕೂಪರ್ ಮತ್ತು ಗ್ಯಾರೆಲ್ಟ್ ಮೆಲೆಮಾ ಆ ಸರಳೀಕರಣವನ್ನು ಕೈಬಿಟ್ಟು ಕಂಪ್ಯೂಟರಿನಲ್ಲಿ ಅನಿಲವನ್ನು ಹರಿಯಬಿಟ್ಟರು. ಗ್ರಹದ ಕಕ್ಷೆಯಲ್ಲೇ ಇರುವ ಅನಿಲ ಗ್ರಹದ ಸಮೀಪಕ್ಕೆ ಬಂದು ಲಾಳಾಕಾರದಲ್ಲಿ ತಿರುಗಿ ವಾಪಸಾಗುತ್ತದೆ. ಒಳಗಿನ ಬಿಸಿ ಅನಿಲ ಹೊರಕ್ಕೂ ಹೊರಗಿನ ತಣ್ಣನೆಯ ಅನಿಲ ಒಳಕ್ಕೂ ಬರುವಾಗ, ತಟ್ಟೆ ದಟ್ಟವಾಗಿದ್ದು ಶಾಖ ಬೇಗ ಸೋರಿಹೋಗದಿದ್ದರೆ, ಗ್ರಹದ ಮುಂದೆ ಅನಿಲ ಒತ್ತಾಗುತ್ತದೆ, ಹಿಂದೆ ತೆಳುವಾಗುತ್ತದೆ. ಮುಂದಿನ ಒತ್ತು ಗ್ರಹವನ್ನು ಮುಂದಕ್ಕೆ ಎಳೆದು ಹೊರಗಿನ ಕಕ್ಷೆಗೆ ಏರಿಸಬಲ್ಲದು. ತಟ್ಟೆಯ ಒಂದು ಭಾಗದಲ್ಲಿ ಹೊರಕ್ಕೆ, ಇನ್ನೊಂದು ಭಾಗದಲ್ಲಿ ಒಳಕ್ಕೆ ಹೀಗೆ ವಲಸೆ ನಡೆದರೆ, ಎರಡೂ ಸಂಧಿಸುವ ಜಾಗದಲ್ಲಿ ಗ್ರಹಗಳು ತಂಗುತ್ತವೆ. ಅದೇ ವರ್ಷ ಫ್ರೆಡೆರಿಕ್ ಮಾಸೆ ಮತ್ತು ಸಂಗಡಿಗರೂ ತಟ್ಟೆಯ ಸಾಂದ್ರತೆ ಥಟ್ಟನೆ ಬದಲಾಗುವ ಅಂಚುಗಳಲ್ಲಿ ಗ್ರಹಗಳು ಸಿಕ್ಕಿನಿಲ್ಲುತ್ತವೆ ಎಂದು ತೋರಿಸಿದರು.

ಮಾಸೆ 2001ರಲ್ಲೇ ಮಾರ್ಕ್ ಸ್ನೆಲ್‌ಗ್ರೋವ್ ಜೊತೆ ಇನ್ನೊಂದು ಬೆರಗಿನ ಸಂಗತಿ ಕಂಡಿದ್ದರು. ಗುರುವಿನ ಹಿಂದೆಯೇ ಹಗುರವಾದ ಶನಿ ವೇಗವಾಗಿ ಒಳಕ್ಕೆ ಬಂದು ಅನುರಣನೆಯಲ್ಲಿ ಸಿಕ್ಕಿಕೊಂಡರೆ ಎರಡರ ಖಾಲಿ ಪಟ್ಟಿಗಳೂ ಕೂಡಿಕೊಳ್ಳುತ್ತವೆ. ಆಗ ಗುರುವನ್ನು ಒಳಕ್ಕೆಳೆಯುವ ಹೊರಗಿನ ಅನಿಲ ಕಡಿಮೆಯಾಗಿ, ಹೊರಕ್ಕೆ ನೂಕುವ ಒಳಗಿನ ಅನಿಲ ಗೆಲ್ಲುತ್ತದೆ. ಜೋಡಿ ಹಿಮ್ಮುಖವಾಗಿ ಹೊರಡುತ್ತದೆ!

2011ರಲ್ಲಿ ಕೆವಿನ್ ವಾಲ್ಶ್, ಅಲೆಸ್ಸಾಂಡ್ರೊ ಮಾರ್ಬಿಡೆಲ್ಲಿ ಮತ್ತು ಸಂಗಡಿಗರು ಇದನ್ನು ನಮ್ಮ ಸೌರವ್ಯೂಹದ ಚರಿತ್ರೆಗೆ ಅನ್ವಯಿಸಿದರು. ಸೂರ್ಯ–ಭೂಮಿ ಅಂತರದ ಸುಮಾರು 3.5 ಪಟ್ಟು ದೂರದಲ್ಲಿ ಹುಟ್ಟಿದ ಗುರು 1.5 ಪಟ್ಟು ದೂರದವರೆಗೆ, ಅಂದರೆ ಇಂದಿನ ಮಂಗಳದ ಕಕ್ಷೆಯವರೆಗೆ ಒಳನುಗ್ಗಿ, ಶನಿಯ ಜೊತೆ ಸಿಕ್ಕಿದ ಮೇಲೆ ಹಿಂದಿರುಗಿತು ಎಂಬುದು ಅವರ ‘ಗ್ರ್ಯಾಂಡ್ ಟ್ಯಾಕ್’ ಕಲ್ಪನೆ. ಗುರು ಆ ಪ್ರದೇಶದ ದ್ರವ್ಯವನ್ನು ಗುಡಿಸಿದ್ದರಿಂದ ಮಂಗಳ ಭೂಮಿಯ ಹತ್ತರಲ್ಲೊಂದು ತೂಕಕ್ಕೇ ನಿಂತುಹೋಯಿತು, ಕ್ಷುದ್ರಗ್ರಹ ಪಟ್ಟಿ ಬಡವಾಯಿತು ಎಂದು ಅದು ವಿವರಿಸುತ್ತದೆ. ಮಂಗಳದ ಸಣ್ಣತನಕ್ಕೆ ಬೇರೆ ವಿವರಣೆಗಳೂ ಇವೆ, ವಾದ ಇನ್ನೂ ಮುಗಿದಿಲ್ಲ. ಆದರೆ ಅನಿಲ ಕರಗಿದ ನಂತರವೂ ನಮ್ಮ ಗ್ರಹಗಳು ಕದಲಿದ್ದಕ್ಕೆ ಗಟ್ಟಿ ಸಾಕ್ಷಿಯಿದೆ. ಅದನ್ನು ಓದಿ ಹೇಳಿದವರು ದೆಹಲಿಯಲ್ಲಿ ಹುಟ್ಟಿ ಅಲ್ಲಿನ ಐಐಟಿಯಲ್ಲಿ ಕಲಿತ ರೇಣು ಮಲ್ಹೋತ್ರಾ. ನೆಪ್ಚೂನ್ ಮೂರು ಸುತ್ತು ಮುಗಿಸುವಾಗ ಪ್ಲೂಟೊ ಸರಿಯಾಗಿ ಎರಡು ಸುತ್ತು ಮುಗಿಸುತ್ತದೆ. ನೆಪ್ಚೂನ್ ಸಣ್ಣ ಕಾಯಗಳನ್ನು ಚದುರಿಸುತ್ತ ಹೊರಕ್ಕೆ ಸರಿಯುವಾಗ ಪ್ಲೂಟೊವನ್ನು ಅನುರಣನೆಯಲ್ಲಿ ಹಿಡಿದು ತಳ್ಳಿಕೊಂಡು ಹೋಯಿತು ಎಂದು ಅವರು 1993ರಲ್ಲಿ, 51 ಪೆಗಾಸಿಗಿಂತ ಎರಡು ವರ್ಷ ಮೊದಲೇ ತೋರಿಸಿದ್ದರು.

ತಟ್ಟೆಯೊಳಗೆ ಇಣುಕಿದಾಗ

ತಟ್ಟೆಯೊಳಗೆ ಏನು ನಡೆಯುತ್ತದೆ ಎಂಬ ಬಗ್ಗೆ ಇಲ್ಲಿಯವರೆಗೆ ಹೇಳಿದ್ದೆಲ್ಲ ಲೆಕ್ಕ ಮತ್ತು ಊಹೆ. 2014ರ ನವೆಂಬರಿನಲ್ಲಿ ಚಿಲಿಯ ಅಟಕಾಮಾ ಮರುಭೂಮಿಯ ಆಲ್ಮಾ ದೂರದರ್ಶಕಗಳು ಎಚ್‌ಎಲ್ ಟೌರಿ ಎಂಬ ನಕ್ಷತ್ರದ ತಟ್ಟೆಯ ಚಿತ್ರ ಹೊರತಂದವು. ಹತ್ತು ಲಕ್ಷ ವರ್ಷವೂ ತುಂಬದ ಆ ಎಳೆಯ ತಟ್ಟೆಯಲ್ಲಿ ಬೆಳಕಿನ ಉಂಗುರಗಳು, ನಡುನಡುವೆ ಕಪ್ಪು ಪಟ್ಟಿಗಳು. ಪಟ್ಟಿಗಳನ್ನೆಲ್ಲ ಗ್ರಹಗಳೇ ಕೊರೆದಿವೆ ಎಂದು ಹೇಳಲಾಗದು, ಉಂಗುರ ಮೂಡಲು ಬೇರೆ ಕಾರಣಗಳೂ ಇರಬಲ್ಲವು. 2018ರಲ್ಲಿ ಮಿರಿಯಂ ಕೆಪ್ಲರ್ ಮತ್ತು ಸಂಗಡಿಗರು ಸುಮಾರು 370 ಜ್ಯೋತಿರ್ವರ್ಷ ದೂರದ, ಸುಮಾರು 54 ಲಕ್ಷ ವರ್ಷ ವಯಸ್ಸಿನ ಪಿಡಿಎಸ್ 70 ನಕ್ಷತ್ರದ ತಟ್ಟೆಯ ಖಾಲಿ ಜಾಗದಲ್ಲಿ ಒಂದು ಗ್ರಹದ ಬೆಳಕನ್ನೇ ಹಿಡಿದರು. ಮರುವರ್ಷ ಎರಡನೆಯ ಗ್ರಹವೂ ಸಿಕ್ಕಿತು. ಎರಡರ ಮೇಲೂ ಬೀಳುತ್ತಿರುವ ಹೈಡ್ರೋಜನ್ ಕೆಂಪಗೆ ಹೊಳೆಯುತ್ತದೆ. ಅಂದರೆ ಅವು ಇನ್ನೂ ಬೆಳೆಯುತ್ತಿವೆ. ಒಳಗಿನದು ಎರಡು ಸುತ್ತು ಬರುವಷ್ಟರಲ್ಲಿ ಹೊರಗಿನದು ಹತ್ತಿರಹತ್ತಿರ ಒಂದು ಸುತ್ತು ಬರುತ್ತದೆ.

ಅಂಥ ಅನುಪಾತಗಳೇ ವಲಸೆಯ ಅತ್ಯುತ್ತಮ ಪಳೆಯುಳಿಕೆಗಳು. ಒಂದರ ಹಿಂದೊಂದು ಗ್ರಹ ಒಳಕ್ಕೆ ಜಾರುವಾಗ ಹಿಂದಿನದು ಮುಂದಿನದನ್ನು ಅನುರಣನೆಯಲ್ಲಿ ಹಿಡಿದುಕೊಂಡರೆ ಸರಪಳಿಯೇ ಏರ್ಪಡುತ್ತದೆ. 2017ರಲ್ಲಿ ಪ್ರಕಟವಾದ ಟ್ರಾಪಿಸ್ಟ್-1ರ ಏಳು ಗ್ರಹಗಳು ಹೀಗೇ ಪೋಣಿಸಿಕೊಂಡಿವೆ. 2023ರಲ್ಲಿ ರಾಫೆಲ್ ಲೂಕೆ ನೇತೃತ್ವದ ತಂಡ ಸುಮಾರು 100 ಜ್ಯೋತಿರ್ವರ್ಷ ದೂರದ ಎಚ್‌ಡಿ 110067ರ ಸುತ್ತ ಆರು ಗ್ರಹಗಳನ್ನು ಗುರುತಿಸಿತು. ಒಳಗಿನಿಂದ ಹೊರಕ್ಕೆ ಅವುಗಳ ಸುತ್ತಿನ ಅವಧಿ ಸುಮಾರು 9.1, 13.7, 20.5, 30.8, 41.1 ಮತ್ತು 54.8 ದಿನ. ಮೊದಲ ಮೂರು ಜೋಡಿಗಳಲ್ಲಿ ಅನುಪಾತ ಎರಡಕ್ಕೆ ಮೂರು, ಉಳಿದ ಎರಡರಲ್ಲಿ ಮೂರಕ್ಕೆ ನಾಲ್ಕು. ಗುಣಿಸಿ ನೋಡಿದರೆ ತುದಿಯ ಗ್ರಹ ಒಂದು ಸುತ್ತು ಮುಗಿಸುವಾಗ ಮೊದಲನೆಯದು ಆರು ಸುತ್ತು ಮುಗಿಸಿರುತ್ತದೆ. ಶತಕೋಟಿಗಟ್ಟಲೆ ವರ್ಷ ಕೆಡದೆ ಉಳಿದ ಈ ಲಯ ಆಕಸ್ಮಿಕವಾಗಿ ಕೂಡಿಬರುವುದಿಲ್ಲ. ಅನಿಲ ತಟ್ಟೆಯೊಳಗೆ ಒಟ್ಟಾಗಿ ನಡೆದುಬಂದ ಗ್ರಹಗಳು ಬಿಟ್ಟುಹೋದ ಹೆಜ್ಜೆಗುರುತು ಅದು. ಹೆಚ್ಚಿನ ಗ್ರಹವ್ಯವಸ್ಥೆಗಳಲ್ಲಿ ಇಂಥ ಸರಪಳಿ ಇಲ್ಲ. ಎಳೆಯ ವ್ಯವಸ್ಥೆಗಳಲ್ಲಿ ಹೆಚ್ಚಾಗಿಯೂ ಹಳೆಯವುಗಳಲ್ಲಿ ವಿರಳವಾಗಿಯೂ ಕಾಣುವುದರಿಂದ, ಅನಿಲ ಕರಗಿದ ಮೇಲೆ ಬಹಳಷ್ಟು ಸರಪಳಿಗಳು ಕಡಿದುಹೋಗುತ್ತವೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ.

ಈ ಚರಿತ್ರೆಯಲ್ಲಿ ನನ್ನನ್ನು ಬಹಳವಾಗಿ ತಟ್ಟುವುದು 1980ರಿಂದ 1995ರವರೆಗಿನ ಆ ಹದಿನೈದು ವರ್ಷ. ಲೆಕ್ಕ ಸರಿಯಿತ್ತು. ಅದನ್ನು ತಪ್ಪೆಂದು ತೋರಿಸಿದವರೂ ಇರಲಿಲ್ಲ. ಕಣ್ಣೆದುರಿಗಿದ್ದ ಒಂದೇ ಉದಾಹರಣೆ, ನಮ್ಮ ಸೌರವ್ಯೂಹ, ಅದನ್ನು ಬೇಡವೆನ್ನುವಂತೆ ಕಂಡಿತು, ಅಷ್ಟೆ. ಒಂದೇ ಉದಾಹರಣೆಯನ್ನು ನಿಯಮವೆಂದು ತಿಳಿಯುವುದು ಎಷ್ಟು ಸುಲಭ, ಒಲ್ಲದ ಉತ್ತರ ಕೊಟ್ಟ ಲೆಕ್ಕವನ್ನು ಕೈಬಿಡದೆ ಮುಂದುವರಿಸುವುದು ಎಷ್ಟು ಕಷ್ಟ ಎಂಬುದನ್ನು ಲಿನ್, ಪಾಪಲೊಯಿಜು, ವಾರ್ಡ್ ಅಂಥವರ ದುಡಿಮೆ ಕಲಿಸುತ್ತದೆ.

ಓದುಗರಲ್ಲಿ, ಅದರಲ್ಲೂ ಶಿಕ್ಷಕರಲ್ಲಿ ಒಂದು ಮನವಿ. ಎಂಟು ಗ್ರಹಗಳನ್ನು ಸಾಲಾಗಿ ಬರೆದ ಪಟವನ್ನು ಮಕ್ಕಳಿಗೆ ತೋರಿಸುವಾಗ ಇದು ಇಂದಿನ ಸ್ಥಿತಿ ಮಾತ್ರ ಎಂದು ಹೇಳಿ. ದೈತ್ಯ ಗ್ರಹಗಳು ನಡೆದು ಬಂದಿವೆ, ಒಂದನ್ನೊಂದು ತಡೆದಿವೆ, ತಳ್ಳಿವೆ, ಅದಾದ ಮೇಲೆ ಉಳಿದ ವ್ಯವಸ್ಥೆಯಲ್ಲಿ ನಾವು ಬದುಕುತ್ತಿದ್ದೇವೆ ಎಂಬ ಒಂದು ಮಾತನ್ನು ಸೇರಿಸಿ. ಹಾಗೆ ಕೇಳಿಸಿಕೊಂಡ ಮಗು ಮುಂದೆ ಕೇಳುವ ಪ್ರಶ್ನೆಗಳು ಬೇರೆಯೇ ಆಗಿರುತ್ತವೆ.